ಉತ್ಪನ್ನದ ರಾಶಿ ಲೆಕ್ಕಕ್ಕೆ ಯಾವ ದಾರಿ: ಮೋಲೋ, ತ್ರೈರಾಶಿಯೋ, ಪರಮಾಣು ಎಣಿಕೆಯೋ?

ಸರಿದೂಗಿಸಿದ ಸಮೀಕರಣ ಮುಂದಿದೆ, ಪ್ರತಿವರ್ತಕದ (ಕ್ರಿಯೆಗೆ ಇಳಿಯುವ ವಸ್ತುವಿನ) ತೂಕ ಗೊತ್ತಿದೆ, ಉತ್ಪನ್ನ ಎಷ್ಟು ಗ್ರಾಂ ಬರುತ್ತದೆ ಎಂದು ಹೇಳಬೇಕು. ಇದಕ್ಕೆ ಬಳಕೆಯಲ್ಲಿರುವ ದಾರಿಗಳು ಹಲವು. ಸರಿಯಾಗಿ ನಡೆದರೆ ಎಲ್ಲವೂ ಒಂದೇ ಉತ್ತರಕ್ಕೆ ಬಂದು ಸೇರುತ್ತವೆ. ಆದರೆ ಕಾಲು ಜಾರುವ ಜಾಗ ಒಂದೊಂದರಲ್ಲಿ ಒಂದೊಂದು ಕಡೆ ಇದೆ. ಬಹುಪಾಲು ತಪ್ಪುಗಳ ಮೂಲ ಸಮೀಕರಣದ ಸಹಗುಣಕ, ಅಂದರೆ ಪ್ರತಿ ವಸ್ತುವಿನ ಎಡಕ್ಕೆ ನಿಲ್ಲುವ ಆ 2, 3 ಎಂಬ ಅಂಕಿ. ಆದ್ದರಿಂದ ಒಂದು ವಿಧಾನವನ್ನು ಆರಿಸುವ ಮೊದಲು ನೋಡಬೇಕಾದದ್ದು ಎರಡು: ಸಹಗುಣಕ ಅಲ್ಲಿ ಯಾವ ಹಂತದಲ್ಲಿ ಒಳಗೆ ಬರುತ್ತದೆ, ಅದನ್ನು ಮರೆತರೆ ಆ ವಿಧಾನವೇ ನಮ್ಮನ್ನು ತಡೆಯುತ್ತದೆಯೇ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುವುದಾದರೆ: ಒಂದೇ ಪ್ರತಿವರ್ತಕದ ಗ್ರಾಂ ಕೊಟ್ಟು ಒಂದೇ ಉತ್ಪನ್ನದ ಗ್ರಾಂ ಕೇಳಿದ್ದರೆ ತ್ರೈರಾಶಿ ಸಾಕು. ದ್ರಾವಣ, ಅನಿಲ, ಎರಡು ಪ್ರತಿವರ್ತಕ, ಇವುಗಳಲ್ಲಿ ಯಾವುದಾದರೂ ಬಂದರೆ ಮೋಲ್ (ಅಣು, ಪರಮಾಣುಗಳ ಸಂಖ್ಯೆಯನ್ನು ಅಳೆಯುವ ಏಕಮಾನ) ಹಿಡಿಯಿರಿ. ಎಲ್ಲ ಉತ್ಪನ್ನಗಳೂ ಉಳಿಕೆಯೂ ಬೇಕಾದರೆ ಮುನ್ನಡೆಯ ಪಟ್ಟಿ ಬರೆಯಿರಿ. ಮೂರು ನಾಲ್ಕು ಹಂತಗಳ ಕ್ರಿಯೆಯಾಗಿದ್ದರೆ ಪರಮಾಣು ಎಣಿಕೆ ಎಲ್ಲಕ್ಕಿಂತ ಚಿಕ್ಕದು, ಆದರೆ ಅದು ಮೋಸ ಮಾಡುವ ಒಂದು ಸಂದರ್ಭವಿದೆ. ಅದನ್ನು ಕೆಳಗೆ ನೋಡಬಹುದು.

ಮೋಲ್ ದಾರಿ ಮತ್ತು ತ್ರೈರಾಶಿ

ಎರಡನ್ನೂ ಒಂದೇ ಲೆಕ್ಕಕ್ಕೆ ಹಚ್ಚಿದರೆ ವ್ಯತ್ಯಾಸ ಕಾಣುತ್ತದೆ. ಪೊಟ್ಯಾಸಿಯಂ ಕ್ಲೋರೇಟ್ ಕಾಯಿಸಿದಾಗ ಆಕ್ಸಿಜನ್ ಬಿಡುಗಡೆಯಾಗುತ್ತದೆ:

2 ಪೊಟ್ಯಾಸಿಯಂ ಕ್ಲೋರೇಟ್ → 2 ಪೊಟ್ಯಾಸಿಯಂ ಕ್ಲೋರೈಡ್ + 3 ಆಕ್ಸಿಜನ್

10.0 ಗ್ರಾಂ ಕ್ಲೋರೇಟ್ ಪೂರ್ತಿ ವಿಭಜನೆಯಾದರೆ ಆಕ್ಸಿಜನ್ ಎಷ್ಟು? ಮೋಲಾರ್ ರಾಶಿಗಳು, ಅಂದರೆ ಒಂದು ಮೋಲ್ ವಸ್ತುವಿನ ತೂಕ: ಕ್ಲೋರೇಟ್ 39.098 + 35.45 + 3 × 15.999 = 122.545 ಗ್ರಾಂ, ಆಕ್ಸಿಜನ್ ಅಣು 31.998 ಗ್ರಾಂ.

ಮೋಲ್ ದಾರಿಯಲ್ಲಿ ಮೂರು ಮೆಟ್ಟಿಲು. ಗ್ರಾಮನ್ನು ಮೋಲ್‌ಗೆ ಇಳಿಸಿ: 10.0 ÷ 122.545 = 0.08160. ಸಹಗುಣಕಗಳ ಅನುಪಾತದಿಂದ ಗುಣಿಸಿ: 0.08160 × 3/2 = 0.1224 ಮೋಲ್ ಆಕ್ಸಿಜನ್. ಮತ್ತೆ ಗ್ರಾಂಗೆ ಏರಿಸಿ: 0.1224 × 31.998 = 3.92 ಗ್ರಾಂ.

ತ್ರೈರಾಶಿಯಲ್ಲಿ ಮೋಲ್ ಎಂಬ ಮಾತೇ ಬರುವುದಿಲ್ಲ. ಸಮೀಕರಣವನ್ನೇ ತೂಕದ ಭಾಷೆಯಲ್ಲಿ ಓದುತ್ತೇವೆ: 2 × 122.545 = 245.09 ಗ್ರಾಂ ಕ್ಲೋರೇಟ್‌ಗೆ 3 × 31.998 = 95.994 ಗ್ರಾಂ ಆಕ್ಸಿಜನ್. ಹಾಗಾದರೆ 10.0 ಗ್ರಾಂಗೆ 10.0 × 95.994 ÷ 245.09 = 3.92 ಗ್ರಾಂ.

ಇನ್ನು ತಪ್ಪುವ ಜಾಗ. ಮೋಲ್ ದಾರಿಯಲ್ಲಿ ಸಹಗುಣಕ ನಡುವಿನ ಮೆಟ್ಟಿಲಲ್ಲಿ ಒಂಟಿಯಾಗಿ ನಿಂತಿರುತ್ತದೆ. ಅದನ್ನು ಹಾರಿದರೆ 2.61 ಗ್ರಾಂ, ತಲೆಕೆಳಗಾಗಿ 2/3 ಎಂದು ಬರೆದರೆ 1.74 ಗ್ರಾಂ. ಎರಡೂ ನೋಡಲು ನಂಬುವಂಥ ಉತ್ತರಗಳೇ, ಹಾಳೆಯ ಮೇಲೆ ಯಾವ ಎಚ್ಚರಿಕೆಯೂ ಇರುವುದಿಲ್ಲ. ತಲೆಕೆಳಗಾಗದಿರಲು ಒಂದು ರೂಢಿ ಇಟ್ಟುಕೊಳ್ಳಬಹುದು: ಬೇಕಾದ ವಸ್ತುವಿನ ಸಹಗುಣಕ ಮೇಲೆ, ಕೊಟ್ಟ ವಸ್ತುವಿನದು ಕೆಳಗೆ.

ತ್ರೈರಾಶಿಯಲ್ಲಿ ಸಹಗುಣಕ ಮೋಲಾರ್ ರಾಶಿಯೊಳಗೇ ಕರಗಿಹೋಗಿರುತ್ತದೆ. ಅದರಿಂದ ಒಂದು ಲಾಭವಿದೆ. ಎರಡೂ ಬದಿಯ ಒಟ್ಟು ತೂಕ ಕೂಡಿ ನೋಡಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಎಡಕ್ಕೆ 245.09. ಬಲಕ್ಕೆ 2 × 74.548 + 95.994 = 245.09. ಎಡಗಡೆ 2 ಹಾಕಲು ಮರೆತಿದ್ದರೆ 122.545ಕ್ಕೂ 245.09ಕ್ಕೂ ಹೊಂದುತ್ತಿರಲಿಲ್ಲ. ಈ ಕೂಡಿಕೆಗೆ ಹತ್ತು ಸೆಕೆಂಡು ಸಾಕು. ಸಮೀಕರಣ ಸರಿದೂಗಿಸಿದ್ದು, ಮೋಲಾರ್ ರಾಶಿ ಕೂಡಿದ್ದು, ಸಹಗುಣಕ ಗುಣಿಸಿದ್ದು ಮೂರನ್ನೂ ಒಟ್ಟಿಗೆ ಪರೀಕ್ಷಿಸಿಬಿಡುತ್ತದೆ. ಮೋಲ್ ದಾರಿಯಲ್ಲೇ ಹೋಗುವವರೂ ಇದನ್ನು ಎರವಲು ಪಡೆಯುವುದು ಒಳ್ಳೆಯದು.

ತ್ರೈರಾಶಿಯನ್ನು 'ಶಾಲೆಯ ಅಡ್ಡದಾರಿ' ಎಂದು ಮೂಗು ಮುರಿಯುವವರಿದ್ದಾರೆ. ಇತಿಹಾಸ ನೋಡಿದರೆ ಅದೇ ಹಿರಿಯಣ್ಣ. ಜರ್ಮನಿಯ ಜೆರೆಮಿಯಾಸ್ ರಿಕ್ಟರ್ 1792ರಲ್ಲಿ ಈ ಬಗೆಯ ಲೆಕ್ಕಕ್ಕೆ ಸ್ಟಾಯ್ಕಿಯೊಮೆಟ್ರಿ ಎಂಬ ಹೆಸರು ಕೊಟ್ಟಾಗ ಲೆಕ್ಕವೆಲ್ಲ ತೂಕದ ಅನುಪಾತದಲ್ಲೇ ನಡೆಯುತ್ತಿತ್ತು. ಮೋಲ್ ಅಂತರರಾಷ್ಟ್ರೀಯ ಮಾನ ಪದ್ಧತಿಯ ಮೂಲಮಾನವಾದದ್ದು 1971ರಲ್ಲಿ.

ಮೋಲ್ ದಾರಿಗೆ ಅಂಟಿಕೊಂಡ ಇನ್ನೊಂದು ರೋಗ ನಡುವೆ ಅಂಕಿ ಕತ್ತರಿಸುವುದು. 0.08160 ಎಂಬುದನ್ನು 0.08 ಎಂದು ಬರೆದು ಮುಂದೆ ಹೋದರೆ ಉತ್ತರ 3.84 ಆಗುತ್ತದೆ, ಶೇಕಡ 2ರಷ್ಟು ಕಡಿಮೆ. ಕೊಟ್ಟ ದತ್ತಾಂಶದಲ್ಲಿ (10.0ರಲ್ಲಿರುವಂತೆ) ಮೂರು ಸಾರ್ಥಕ ಅಂಕಿಗಳಿದ್ದರೆ ನಡುವಿನ ಹಂತಗಳಲ್ಲಿ ಕನಿಷ್ಠ ನಾಲ್ಕನ್ನು ಉಳಿಸಿಕೊಂಡು ಕೊನೆಗೊಮ್ಮೆ ಮಾತ್ರ ಕತ್ತರಿಸಬೇಕು. ತ್ರೈರಾಶಿಯಲ್ಲಿ ನಡುವೆ ನಿಲ್ಲುವ ಜಾಗವೇ ಇಲ್ಲದ್ದರಿಂದ ಈ ಕಾಟ ಕಡಿಮೆ. ಹಾಗೆಯೇ ಕ್ಲೋರಿನ್‌ಗೆ ಒಂದು ಕಡೆ 35.5, ಇನ್ನೊಂದು ಕಡೆ 35.45 ಬಳಸಿದರೆ ಮೇಲೆ ಹೇಳಿದ ತೂಕದ ತಾಳೆ ಸ್ವಲ್ಪ ತಪ್ಪಿ ವೃಥಾ ಅನುಮಾನ ಹುಟ್ಟುತ್ತದೆ. ಯಾವ ಬೆಲೆಯಾದರೂ ಸರಿ, ಲೆಕ್ಕದುದ್ದಕ್ಕೂ ಅದೇ ಇರಲಿ.

ಏಕಮಾನಗಳ ಸರಪಳಿ

ಮೋಲ್ ದಾರಿಯ ಮೂರು ಮೆಟ್ಟಿಲುಗಳನ್ನು ಒಂದೇ ಸಾಲಿನಲ್ಲಿ ಭಿನ್ನರಾಶಿಗಳಾಗಿ ಬರೆದು, ಮೇಲೆ ಕೆಳಗೆ ಇರುವ ಏಕಮಾನಗಳನ್ನು ಹೊಡೆದುಹಾಕುತ್ತಾ ಹೋಗುವುದು ಇದು. ಕಿಲೋಗ್ರಾಂ, ಮಿಲಿಲೀಟರ್, ಸಾಂದ್ರತೆ, ಶೇಕಡಾವಾರು ಎಲ್ಲ ಬೆರೆತ ಲೆಕ್ಕಕ್ಕೆ ಇದಕ್ಕಿಂತ ಚೊಕ್ಕ ದಾರಿ ಇಲ್ಲ. ಇದರ ದೋಷ ಒಂದೇ: ಬರೀ 'ಮೋಲ್' ಎಂದು ಬರೆದರೆ ಕ್ಲೋರೇಟ್‌ನ ಮೋಲ್ ಆಕ್ಸಿಜನ್‌ನ ಮೋಲನ್ನು ಹೊಡೆದುಹಾಕುತ್ತದೆ, ಸಹಗುಣಕದ ಭಿನ್ನರಾಶಿ ಇಲ್ಲದಿದ್ದರೂ ಸರಪಳಿ ಪೂರ್ಣವಾದಂತೆ ಕಾಣುತ್ತದೆ. ಪ್ರತಿ ಏಕಮಾನದ ಜೊತೆಗೂ ವಸ್ತುವಿನ ಹೆಸರು ಬರೆಯಬೇಕು. 'ಮೋಲ್ ಕ್ಲೋರೇಟ್' ಎಂಬುದನ್ನು 'ಮೋಲ್ ಕ್ಲೋರೇಟ್' ಮಾತ್ರ ಹೊಡೆಯಬಲ್ಲದು.

ಎರಡು ಪ್ರತಿವರ್ತಕಗಳ ತೂಕ ಕೊಟ್ಟಾಗ

ಇಲ್ಲಿ ಮೊದಲು ಮುಗಿಯುವ ಪ್ರತಿವರ್ತಕ ಯಾವುದು ಎಂದು ತಿಳಿಯಬೇಕು. ಉತ್ಪನ್ನದ ಮಿತಿ ಅದೇ. ಎರಡು ಸುಳ್ಳು ನಿಯಮಗಳು ಬಾಯಿಂದ ಬಾಯಿಗೆ ಹರಿದಾಡುತ್ತವೆ: 'ತೂಕ ಕಡಿಮೆ ಇದ್ದದ್ದು ಮೊದಲು ಮುಗಿಯುತ್ತದೆ', 'ಮೋಲ್ ಕಡಿಮೆ ಇದ್ದದ್ದು ಮೊದಲು ಮುಗಿಯುತ್ತದೆ'. ಎರಡನ್ನೂ ಉದಾಹರಣೆಯಿಂದಲೇ ಉರುಳಿಸಬಹುದು.

ಥರ್ಮೈಟ್ ಕ್ರಿಯೆ: 1 ಫೆರಿಕ್ ಆಕ್ಸೈಡ್ + 2 ಅಲ್ಯೂಮಿನಿಯಂ → 1 ಅಲ್ಯೂಮಿನಿಯಂ ಆಕ್ಸೈಡ್ + 2 ಕಬ್ಬಿಣ. 40.0 ಗ್ರಾಂ ಫೆರಿಕ್ ಆಕ್ಸೈಡ್, 15.0 ಗ್ರಾಂ ಅಲ್ಯೂಮಿನಿಯಂ ಇದೆ. ಮೋಲ್ ಲೆಕ್ಕದಲ್ಲಿ ಕ್ರಮವಾಗಿ 40.0 ÷ 159.687 = 0.25049 ಮತ್ತು 15.0 ÷ 26.982 = 0.55593. ತಂತಮ್ಮ ಸಹಗುಣಕದಿಂದ ಭಾಗಿಸಿದರೆ 0.25049 ಮತ್ತು 0.27796. ಚಿಕ್ಕದು ಮೊದಲನೆಯದು, ಅಂದರೆ ತೂಕದಲ್ಲಿ ಹೆಚ್ಚಿದ್ದ ಫೆರಿಕ್ ಆಕ್ಸೈಡೇ ಮೊದಲು ಮುಗಿಯುತ್ತದೆ. ಮೊದಲ ನಿಯಮ ಬಿತ್ತು.

ಅಮೋನಿಯಾ: 1 ನೈಟ್ರೋಜನ್ + 3 ಹೈಡ್ರೋಜನ್ → 2 ಅಮೋನಿಯಾ. 28.0 ಗ್ರಾಂ ನೈಟ್ರೋಜನ್ ಸುಮಾರು 1.00 ಮೋಲ್, 5.00 ಗ್ರಾಂ ಹೈಡ್ರೋಜನ್ 2.48 ಮೋಲ್. ಮೋಲ್ ಕಡಿಮೆ ಇರುವುದು ನೈಟ್ರೋಜನ್. ಆದರೆ 2.48 ÷ 3 = 0.827, ಹಾಗಾಗಿ ಹೈಡ್ರೋಜನ್ ಮೊದಲು ಮುಗಿಯುತ್ತದೆ. ಎರಡನೆಯ ನಿಯಮವೂ ಬಿತ್ತು. ಅಮೋನಿಯಾ 2 × 0.8267 × 17.031 = 28.2 ಗ್ರಾಂ, ಉಳಿದ ನೈಟ್ರೋಜನ್ 4.8 ಗ್ರಾಂ. ಇದು ಕಾಗದದ ಮೇಲಿನ ಗರಿಷ್ಠ ಮಾತ್ರ. ಈ ಕ್ರಿಯೆ ಹಿಂದಕ್ಕೂ ನಡೆದು ಸಮತೋಲನದಲ್ಲಿ ನಿಲ್ಲುವಂಥದ್ದು, ಒಂದೇ ಸುತ್ತಿನಲ್ಲಿ ಅಷ್ಟು ಸಿಗುವುದಿಲ್ಲ.

ಭಾಗಿಸಿ ಹೋಲಿಸುವುದು ಒಂದು ವಿಧಾನ. ಇನ್ನೊಂದು, ಪ್ರತಿ ಪ್ರತಿವರ್ತಕದಿಂದಲೂ ಬೇರೆ ಬೇರೆಯಾಗಿ ಉತ್ಪನ್ನ ಲೆಕ್ಕ ಹಾಕಿ ಚಿಕ್ಕ ಉತ್ತರವನ್ನು ಇಟ್ಟುಕೊಳ್ಳುವುದು. ಥರ್ಮೈಟ್‌ನಲ್ಲಿ ಫೆರಿಕ್ ಆಕ್ಸೈಡ್ 27.98 ಗ್ರಾಂ ಕಬ್ಬಿಣ ಕೊಡಬಲ್ಲದು, ಅಲ್ಯೂಮಿನಿಯಂ 31.05 ಗ್ರಾಂಗೆ ಸಾಲುತ್ತದೆ. ಉತ್ತರ 28.0 ಗ್ರಾಂ. ತ್ರೈರಾಶಿಯನ್ನು ಬಿಡಲೊಲ್ಲದವರಿಗೆ ಈ ವಿಧಾನ ಹೊಂದುತ್ತದೆ, ಅದನ್ನೇ ಎರಡು ಸಲ ಮಾಡಿದರಾಯಿತು. ಕೆಲವರು ಎರಡು ಉತ್ತರಗಳನ್ನು ಕೂಡುತ್ತಾರೆ ಅಥವಾ ಸರಾಸರಿ ತೆಗೆಯುತ್ತಾರೆ. ಎರಡಕ್ಕೂ ಅರ್ಥವಿಲ್ಲ, ಅವು ಒಂದೇ ಕಬ್ಬಿಣದ ಎರಡು ಅಂದಾಜುಗಳು.

ಉಳಿಕೆಯೂ ಬೇಕು, ಎಲ್ಲ ಉತ್ಪನ್ನಗಳೂ ಬೇಕು ಎಂದಾಗ ಮೂರನೆಯ ವಿಧಾನವೇ ಲೇಸು: ಕ್ರಿಯೆಯ ಮುನ್ನಡೆಯ ಪಟ್ಟಿ. ಸಹಗುಣಕದಿಂದ ಭಾಗಿಸಿ ಸಿಕ್ಕ ಚಿಕ್ಕ ಸಂಖ್ಯೆ 0.25049 ಇದೆಯಲ್ಲ, ಕ್ರಿಯೆ ಅಷ್ಟು ಮುಂದೆ ಹೋಗಿದೆ ಎಂದರ್ಥ. ಇನ್ನು ಎಲ್ಲವನ್ನೂ ಅದರಿಂದಲೇ ಬರೆಯುತ್ತೇವೆ.

ಕಬ್ಬಿಣ: 2 × 0.25049 × 55.845 = 27.98 ಗ್ರಾಂ
ಅಲ್ಯೂಮಿನಿಯಂ ಆಕ್ಸೈಡ್: 0.25049 × 101.961 = 25.54 ಗ್ರಾಂ
ಉಳಿದ ಅಲ್ಯೂಮಿನಿಯಂ: 15.0 − 2 × 0.25049 × 26.982 = 1.48 ಗ್ರಾಂ

ಮೂರನ್ನೂ ಕೂಡಿದರೆ 55.00, ಮೊದಲಿದ್ದದ್ದೂ 40.0 + 15.0 = 55.0. ಸಹಗುಣಕ ಇಲ್ಲಿ ಪ್ರತಿ ಸಾಲಿನಲ್ಲೂ ಒಂದೊಂದು ಸಲ ಬರುತ್ತದೆ. ಒಂದು ಸಾಲಿನಲ್ಲಿ ಮರೆತರೂ ಕೊನೆಯ ಕೂಡಿಕೆ ಹೊಂದುವುದಿಲ್ಲ. ಬರವಣಿಗೆ ಹೆಚ್ಚು, ಭದ್ರತೆಯೂ ಹೆಚ್ಚು. ಮೂರು ಪ್ರತಿವರ್ತಕಗಳಿದ್ದರೂ ವಿಧಾನ ಬದಲಾಗುವುದಿಲ್ಲ.

ದ್ರಾವಣ ಮತ್ತು ಅನಿಲ

ದ್ರಾವಣದಲ್ಲಿ ತೂಕದ ಬದಲು ಗಾತ್ರ ಮತ್ತು ಮೋಲಾರಿಟಿ (ಒಂದು ಲೀಟರ್ ದ್ರಾವಣದಲ್ಲಿರುವ ಮೋಲ್) ಕೊಟ್ಟಿರುತ್ತಾರೆ. ಇವೆರಡನ್ನು ಗುಣಿಸಿದರೆ ನೇರವಾಗಿ ಮೋಲೇ ಸಿಗುವಾಗ ತ್ರೈರಾಶಿಗಾಗಿ ಗ್ರಾಂ ಮಾಡಿಕೊಳ್ಳುವುದು ಸುತ್ತುದಾರಿ. ಮಿಲಿಲೀಟರ್ × ಮೋಲಾರಿಟಿ = ಮಿಲಿಮೋಲ್ ಎಂಬುದನ್ನು ನೆನಪಿಟ್ಟರೆ ಸಾವಿರದಿಂದ ಭಾಗಿಸುವ ಗೋಜೂ ಇಲ್ಲ.

0.200 ಮೋಲಾರಿಟಿಯ 50.0 ಮಿಲಿಲೀಟರ್ ಸಿಲ್ವರ್ ನೈಟ್ರೇಟ್‌ಗೆ 0.300 ಮೋಲಾರಿಟಿಯ 30.0 ಮಿಲಿಲೀಟರ್ ಸೋಡಿಯಂ ಕ್ಲೋರೈಡ್ ಬೆರೆಸಿದರೆ ಸಿಲ್ವರ್ 10.0 ಮಿಲಿಮೋಲ್, ಕ್ಲೋರೈಡ್ 9.00 ಮಿಲಿಮೋಲ್. ಪ್ರಕ್ಷೇಪ (ಕರಗದೆ ತಳಕ್ಕೆ ಕೂರುವ ಘನ) 9.00 × 143.32 = 1290 ಮಿಲಿಗ್ರಾಂ, ಅಂದರೆ 1.29 ಗ್ರಾಂ ಸಿಲ್ವರ್ ಕ್ಲೋರೈಡ್. ಬೆರೆಸಿದ ಮೇಲಿನ ಒಟ್ಟು 80 ಮಿಲಿಲೀಟರ್ ಈ ಲೆಕ್ಕಕ್ಕೆ ಬೇಕಿಲ್ಲ. ಅದನ್ನು ಎಲ್ಲಾದರೂ ತುರುಕಬೇಕು ಎಂಬ ಸೆಳೆತ ಮಾತ್ರ ಬಲವಾಗಿರುತ್ತದೆ. ಸೋಡಿಯಂ ಕ್ಲೋರೈಡ್ ಬದಲು ಅದೇ ಅಳತೆಯ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ್ದರೆ ಕ್ಲೋರೈಡ್ 18.0 ಮಿಲಿಮೋಲ್ ಆಗಿ, ಈಗ ಸಿಲ್ವರ್ ಮೊದಲು ಮುಗಿದು, ಪ್ರಕ್ಷೇಪ 1.43 ಗ್ರಾಂ ಆಗುತ್ತಿತ್ತು.

ಅನಿಲದ ಗಾತ್ರ ಕೊಟ್ಟಾಗ ತಪ್ಪುವುದು ಬಹುತೇಕ 22.4 ಲೀಟರ್ ಎಂಬ ಸಂಖ್ಯೆಯಲ್ಲಿ. ಅದು 0 ಡಿಗ್ರಿ ಸೆಲ್ಸಿಯಸ್ ಮತ್ತು 1 ವಾಯುಮಂಡಲ ಒತ್ತಡಕ್ಕೆ. ಒತ್ತಡ 1 ಬಾರ್ ಎಂದಿದ್ದರೆ 22.7 ಲೀಟರ್. 25 ಡಿಗ್ರಿ, 1 ವಾಯುಮಂಡಲದಲ್ಲಿ 24.5 ಲೀಟರ್. ಕೊಠಡಿಯ ಉಷ್ಣತೆಯಲ್ಲಿ ಅಳೆದ ಅನಿಲಕ್ಕೆ 22.4 ಹಾಕಿದರೆ ಉತ್ಪನ್ನ ಶೇಕಡ 9ರಷ್ಟು ಹೆಚ್ಚು ತೋರುತ್ತದೆ.

ಪರಮಾಣು ಎಣಿಕೆ: ಚಿಕ್ಕದು, ಆದರೆ ಕುರುಡು

ಗಂಧಕದಿಂದ ಸಲ್ಫ್ಯೂರಿಕ್ ಆಮ್ಲ ಮಾಡುವಾಗ ಗಂಧಕ ಸುಟ್ಟು ಸಲ್ಫರ್ ಡೈಆಕ್ಸೈಡ್, ಅದರಿಂದ ಟ್ರೈಆಕ್ಸೈಡ್, ಅದರಿಂದ ಆಮ್ಲ ಎಂದು ಮೂರು ಹಂತ. ಮೂರು ಸಮೀಕರಣಗಳನ್ನೂ ಬರೆದು ಸರಿದೂಗಿಸುವ ಬದಲು ಹೀಗೆ ಯೋಚಿಸಬಹುದು: ಆಮ್ಲದ ಒಂದು ಅಣುವಿನಲ್ಲಿ ಗಂಧಕದ ಒಂದು ಪರಮಾಣು, ಗಂಧಕ ಬೇರೆಲ್ಲೂ ಹೋಗುವುದಿಲ್ಲ. ಹಾಗಾದರೆ 32.06 ಗ್ರಾಂಗೆ 98.07 ಗ್ರಾಂ, 1.00 ಕಿಲೋಗ್ರಾಂ ಗಂಧಕಕ್ಕೆ 3.06 ಕಿಲೋಗ್ರಾಂ ಆಮ್ಲ. ಲೆಕ್ಕ ಮುಗಿಯಿತು. ಸಹಗುಣಕವೇ ಇಲ್ಲ, ಅದರ ಜಾಗದಲ್ಲಿ ಸೂತ್ರದೊಳಗಿನ ಪರಮಾಣುಗಳ ಸಂಖ್ಯೆ ಕೂತಿದೆ.

ಈಗ ಅದೇ ಉಪಾಯವನ್ನು ಅಮೋನಿಯಾದಿಂದ ನೈಟ್ರಿಕ್ ಆಮ್ಲಕ್ಕೆ ಹಚ್ಚಿ. ಒಂದು ನೈಟ್ರೋಜನ್‌ಗೆ ಒಂದು ನೈಟ್ರೋಜನ್, ಆದ್ದರಿಂದ 17.0 ಕಿಲೋಗ್ರಾಂ ಅಮೋನಿಯಾಕ್ಕೆ 62.9 ಕಿಲೋಗ್ರಾಂ ಆಮ್ಲ ಎನಿಸುತ್ತದೆ. ಸಮೀಕರಣಗಳನ್ನು ಬಿಡಿಸಿ ನೋಡಿದರೆ ಕಥೆ ಬೇರೆ:

4 ಅಮೋನಿಯಾ + 5 ಆಕ್ಸಿಜನ್ → 4 ನೈಟ್ರಿಕ್ ಆಕ್ಸೈಡ್ + 6 ನೀರು
2 ನೈಟ್ರಿಕ್ ಆಕ್ಸೈಡ್ + 1 ಆಕ್ಸಿಜನ್ → 2 ನೈಟ್ರೋಜನ್ ಡೈಆಕ್ಸೈಡ್
3 ನೈಟ್ರೋಜನ್ ಡೈಆಕ್ಸೈಡ್ + 1 ನೀರು → 2 ನೈಟ್ರಿಕ್ ಆಮ್ಲ + 1 ನೈಟ್ರಿಕ್ ಆಕ್ಸೈಡ್

ಕೊನೆಯ ಸಾಲಿನಲ್ಲಿ ಮೂರು ನೈಟ್ರೋಜನ್‌ಗಳಲ್ಲಿ ಎರಡು ಮಾತ್ರ ಆಮ್ಲವಾಗಿ, ಒಂದು ನೈಟ್ರಿಕ್ ಆಕ್ಸೈಡ್ ಆಗಿ ಹಿಂದಿರುಗುತ್ತದೆ. ಅದನ್ನು ಬಿಟ್ಟುಬಿಟ್ಟರೆ ಸಿಗುವುದು ಮೂರನೇ ಎರಡು ಪಾಲು, 41.9 ಕಿಲೋಗ್ರಾಂ. ಕಾರ್ಖಾನೆಗಳಲ್ಲಿ ಅದನ್ನು ಮತ್ತೆ ಗಾಳಿಯೊಡನೆ ಉತ್ಕರ್ಷಿಸಿ ಹೀರಿಸುವುದರಿಂದ 62.9ರ ಕಡೆಗೆ ಸಾಗಬಹುದು. ಎರಡೂ ಉತ್ತರ ಸರಿಯೇ, ಪ್ರಶ್ನೆಯಲ್ಲಿ ಮರುಬಳಕೆ ಇದೆಯೋ ಇಲ್ಲವೋ ಎಂಬುದರ ಮೇಲೆ ಹೋಗುತ್ತದೆ. ಪರಮಾಣು ಎಣಿಕೆಗೆ ಈ ಕವಲು ಕಾಣುವುದೇ ಇಲ್ಲ. ಎಣಿಸುವ ಮೂಲವಸ್ತು ಎರಡು ಉತ್ಪನ್ನಗಳಲ್ಲಿ ಹಂಚಿಹೋಗುವ ಸಂಶಯವಿದ್ದರೆ ಹಂತ ಹಂತದ ಮೋಲ್ ಲೆಕ್ಕಕ್ಕೆ ಮರಳುವುದೇ ಸರಿ.

ಸೂತ್ರ ಸರಿ, ಸೀಸೆಯಲ್ಲಿರುವುದು ಬೇರೆ

ವಿಧಾನ ಯಾವುದಾದರೂ ಮೊದಲ ಮೋಲಾರ್ ರಾಶಿಯೇ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಮೈಲುತುತ್ತದ ನೀಲಿ ಹರಳಿನಲ್ಲಿ ಪ್ರತಿ ಕಾಪರ್ ಸಲ್ಫೇಟ್ ಜೊತೆ ಐದು ನೀರಿನ ಅಣುಗಳಿವೆ, ಮೋಲಾರ್ ರಾಶಿ 249.68. ನೀರಿಲ್ಲದ ಬಿಳಿ ಪುಡಿಗೆ 159.60. ಸಮೀಕರಣದಲ್ಲಿ ಮಾತ್ರ ಎರಡನ್ನೂ ಕಾಪರ್ ಸಲ್ಫೇಟ್ ಎಂದೇ ಬರೆಯುತ್ತೇವೆ. 10.0 ಗ್ರಾಂ ಹರಳಿಗೆ ಸಾಕಷ್ಟು ಸತು ಹಾಕಿದರೆ ಬರುವ ತಾಮ್ರ 2.55 ಗ್ರಾಂ. 159.60 ಬಳಸಿದವರಿಗೆ 3.98 ಗ್ರಾಂ ಬರುತ್ತದೆ, ಅದು ಪ್ರಯೋಗದಲ್ಲಿ ಎಂದೂ ಕಾಣಿಸದ ತೂಕ. ಪ್ರಯೋಗದ ಕೊನೆಗೆ ಉಳಿದ ಸತುವನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ತೆಗೆಯದಿದ್ದರೆ ಅದೂ ತಾಮ್ರದ ಲೆಕ್ಕಕ್ಕೇ ಸೇರುತ್ತದೆ.

ಶುದ್ಧತೆ ಮತ್ತು ಇಳುವರಿಯನ್ನು ಒಂದೇ ಗುಣಕವೆಂದು ಬೆರೆಸುವುದುಂಟು. ಶುದ್ಧತೆ ಲೆಕ್ಕದ ಆರಂಭಕ್ಕೆ, ಇಳುವರಿ (ಲೆಕ್ಕದ ಉತ್ಪನ್ನದಲ್ಲಿ ನಿಜಕ್ಕೂ ಕೈಗೆ ಸಿಗುವ ಪಾಲು) ಕೊನೆಗೆ. ಶೇಕಡ 92 ಶುದ್ಧತೆಯ 500 ಕಿಲೋಗ್ರಾಂ ಸುಣ್ಣಕಲ್ಲಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ 460 ಕಿಲೋಗ್ರಾಂ, ಅದು 460 × 56.077 ÷ 100.086 = 257.7 ಕಿಲೋಗ್ರಾಂ ಕ್ಯಾಲ್ಸಿಯಂ ಆಕ್ಸೈಡ್ ಕೊಡುತ್ತದೆ. ಬೆರಕೆ ಕಾಯಿಸಿದರೂ ಬದಲಾಗದ ಮಣ್ಣು ಮರಳೇ ಆಗಿದ್ದರೆ ಆ 40 ಕಿಲೋಗ್ರಾಂ ಕುಲುಮೆಯಲ್ಲೇ ಉಳಿದು ತಕ್ಕಡಿ 297.7 ತೋರಿಸುತ್ತದೆ.

ಹಿಮ್ಮುಖ ಲೆಕ್ಕದಲ್ಲಿ ಗುಣಿಸುವ ಬದಲು ಭಾಗಿಸಬೇಕು. 100 ಕಿಲೋಗ್ರಾಂ ಕ್ಯಾಲ್ಸಿಯಂ ಆಕ್ಸೈಡ್ ಬೇಕು, ಇಳುವರಿ ಶೇಕಡ 95, ಕಲ್ಲು ಶೇಕಡ 92 ಎಂದರೆ, ಮೊದಲು ಶುದ್ಧ ಕಾರ್ಬೊನೇಟ್ 100 × 100.086 ÷ 56.077 = 178.5, ಆಮೇಲೆ 178.5 ÷ 0.95 ÷ 0.92 = 204 ಕಿಲೋಗ್ರಾಂ ಕಲ್ಲು. ಗುಣಿಸಿದವರಿಗೆ 156 ಬರುತ್ತದೆ. ಶುದ್ಧ ಕಲ್ಲಿಗೇ 178.5 ಬೇಕಾಗಿರುವಾಗ ಬೆರಕೆ ಕಲ್ಲು ಅದಕ್ಕಿಂತ ಕಡಿಮೆ ಸಾಕಾಗಲಾರದು ಎಂದು ಒಮ್ಮೆ ನೋಡಿದರೆ ತಿಳಿಯುತ್ತದೆ.

ಲೆಕ್ಕಕ್ಕಿಂತ ಹೆಚ್ಚು ತೂಕ ಬಂದರೆ ಸಂಭ್ರಮಿಸುವಂಥದ್ದೇನಿಲ್ಲ. ಪ್ರಕ್ಷೇಪ ಒಣಗಿಲ್ಲ, ಉಪ್ಪು ಸರಿಯಾಗಿ ತೊಳೆದಿಲ್ಲ, ಅಥವಾ ಸುಟ್ಟ ಸುಣ್ಣದಂಥ ವಸ್ತು ಆರುವಾಗ ಗಾಳಿಯ ತೇವ ಹೀರಿದೆ. ಡೆಸಿಕೇಟರ್‌ನಲ್ಲಿ (ಒಳಗಿನ ಗಾಳಿಯನ್ನು ಒಣಗಿಸಿಡುವ ಮುಚ್ಚಿದ ಪಾತ್ರೆಯಲ್ಲಿ) ಆರಿಸಿ ತೂಗಿ, ಮತ್ತೆ ಕಾಯಿಸಿ, ಮತ್ತೆ ಆರಿಸಿ, ಎರಡು ತೂಕ ಒಂದೇ ಆಗುವವರೆಗೂ ಮಾಡಬೇಕು. ಬಿಸಿಯಾಗಿಯೇ ತೂಗಿದರೆ ಮೇಲೇಳುವ ಗಾಳಿಯಿಂದ ತಕ್ಕಡಿ ಕಡಿಮೆ ತೋರಿಸುತ್ತದೆ.

ಕಡಿಮೆ ಬಂದಾಗಲೂ ಎಲ್ಲವೂ ಚೆಲ್ಲಿಹೋಯಿತು ಎಂದುಕೊಳ್ಳಬೇಕಿಲ್ಲ. ಮೂಸೆಯಲ್ಲಿ ಮೆಗ್ನೀಸಿಯಂ ಸುಟ್ಟಾಗ 1.00 ಗ್ರಾಂಗೆ 1.66 ಗ್ರಾಂ ಆಕ್ಸೈಡ್ ಬರಬೇಕು. ಆದರೆ ಒಂದಷ್ಟು ಲೋಹ ಗಾಳಿಯ ನೈಟ್ರೋಜನ್ ಜೊತೆ ಸೇರಿ ನೈಟ್ರೈಡ್ ಆಗುತ್ತದೆ, ಅದರಲ್ಲಿ 1.00 ಗ್ರಾಂಗೆ 1.38 ಗ್ರಾಂ ಮಾತ್ರ. ಹಾಗಾಗಿ ತೂಕ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಇದು ಲೆಕ್ಕದ ತಪ್ಪಲ್ಲ, ಬರೆದ ಸಮೀಕರಣದ ಜೊತೆ ಬರೆಯದ ಇನ್ನೊಂದು ಸಮೀಕರಣವೂ ನಡೆದಿದೆ ಅಷ್ಟೆ. ಮೂಸೆ ಪೂರ್ತಿ ಆರಿದ ಮೇಲೆ ಕೆಲವು ಹನಿ ನೀರು ಹಾಕಿ ಮೆಲ್ಲಗೆ ಕಾಯಿಸಿದರೆ ನೈಟ್ರೈಡ್ ಹೈಡ್ರಾಕ್ಸೈಡ್ ಆಗಿ ಅಮೋನಿಯಾದ ವಾಸನೆ ಬರುತ್ತದೆ. ಆಮೇಲೆ ಜೋರಾಗಿ ಕಾಯಿಸಿದರೆ ಹೈಡ್ರಾಕ್ಸೈಡ್ ನೀರು ಬಿಟ್ಟು ಆಕ್ಸೈಡ್ ಆಗಿ, ತಕ್ಕಡಿಯ ಅಂಕಿ 1.66ರ ಹತ್ತಿರಕ್ಕೆ ಏರುತ್ತದೆ.